ಕಥಾಂತ್ಯದಲ್ಲಿ ಮಡಿಯುವವರು ಯಾರು? ಅದ್ಭುತಕಥೆಗಳ ಮುನ್ನರಿವನ್ನು ಕುರಿತು ಒಂದು ವಿಚಾರ

೧

ದೀರ್ಘವಾದ ಕಥೆಯೊಂದು ಮುಗಿಯಲು ಬಂದಾಗ ಅದನ್ನು ಓದುವವರ, ಕೇಳುವವರ, ನೋಡುವವರ ಬಾಯಿಂದ ತಾನಾಗಿ ಹೊರಡುವ ಪ್ರಶ್ನೆಯೊಂದಿದೆ: ಕೊನೆಗೆ ಉಳಿಯುವವರು ಯಾರು, ಮಡಿಯುವವರು ಯಾರು? ಈ ಪ್ರಶ್ನೆಯನ್ನು ನಮ್ಮ ತರಗತಿಗಳಲ್ಲಿ ವಿಮರ್ಶೆಯ ಪ್ರಶ್ನೆಯೆಂದು ಎಣಿಸುವ ವಾಡಿಕೆಯಿಲ್ಲ. ಅದು ಕೇವಲ ಕುತೂಹಲದ ಮಾತು, ಕಥೆಯ ಹೊರಮೈಗೆ ಸೇರಿದ್ದು; ಕಾವ್ಯದ ಸಾರವೇ ಬೇರೆ ಎಂದು ನಾವು ವಿದ್ಯಾರ್ಥಿಗಳಿಗೆ ಹೇಳುತ್ತ ಬಂದಿದ್ದೇವೆ. ಆದರೆ ಆ ಪ್ರಶ್ನೆಯನ್ನು ಇಷ್ಟು ಸುಲಭವಾಗಿ ತಳ್ಳಿಹಾಕುವುದು ಸರಿಯೇ ಎಂಬುದು ವಿಚಾರಾರ್ಹವಾಗಿದೆ. ‘ಇವನು ಸಾಯುತ್ತಾನೆ’ ಎಂದು ಹೇಳುವ ಓದುಗನನ್ನು ‘ಏಕೆ ಹಾಗೆ ತಿಳಿದಿರಿ?’ ಎಂದು ಮರಳಿ ಕೇಳಿದರೆ ಅವನು ಕೊಡುವ ಉತ್ತರದಲ್ಲಿ ವಸ್ತುವಿನ್ಯಾಸ, ಪಾತ್ರಶೀಲ, ಕವಿಯ ಸಂಕಲ್ಪ ಇವೆಲ್ಲವೂ ಬಂದೇ ಬರುತ್ತವೆ. ಮುನ್ನರಿವಿಗೆ ಆಧಾರವಾವುದು ಎಂಬಲ್ಲಿಂದ ವಿಮರ್ಶೆ ಮೊದಲಾಗುತ್ತದೆ.

ಇತ್ತೀಚಿನ ಒಂದು ನಿದರ್ಶನವನ್ನು ಮೊದಲು ನೋಡಬಹುದು. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಅದ್ಭುತ ಕಾದಂಬರಿಮಾಲೆಯ ಮೊದಲ ಸಂಪುಟ ೧೯೯೬ರಲ್ಲಿ, ಐದನೆಯದು ೨೦೧೧ರಲ್ಲಿ ಪ್ರಕಟವಾದವು. ಅದನ್ನು ಆಧರಿಸಿದ ‘ಗೇಮ್ ಆಫ್ ಥ್ರೋನ್ಸ್’ ಎಂಬ ದೂರದರ್ಶನ ಧಾರಾವಾಹಿ ಮೂಲಕಥೆಯನ್ನು ದಾಟಿ ಮುಂದೆ ಸಾಗಿ ೨೦೧೯ರ ಮೇ ತಿಂಗಳಲ್ಲಿ ಮುಕ್ತಾಯವಾಯಿತು. ಮುಖ್ಯಪಾತ್ರಗಳನ್ನೂ ನಿರ್ದಾಕ್ಷಿಣ್ಯವಾಗಿ ಕೊಲ್ಲುವುದಕ್ಕೆ ಹೆಸರಾದ ಕಥೆಯದು. ಕೊನೆಯ ಕಂತುಗಳು ಬರುವ ಮುನ್ನ ಯಾರು ಸಾಯುವರೆಂಬ ಲೆಕ್ಕಾಚಾರ ಲೋಕದಲ್ಲೆಲ್ಲ ನಡೆಯಿತು. ಮ್ಯೂನಿಕ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಗಣಕಯಂತ್ರದ ನೆರವಿನಿಂದ ಈ ಲೆಕ್ಕವನ್ನು ಮಾಡಿದರು. ಪಾತ್ರದ ವಯಸ್ಸು, ಲಿಂಗ, ವಂಶ, ವಿವಾಹ ಮುಂತಾದ ಸಂಗತಿಗಳನ್ನು ಅದಕ್ಕೆ ಒದಗಿಸಲಾಯಿತು. ಡೆನೇರಿಸ್ ಎಂಬ ರಾಣಿ ಬದುಕಿ ಉಳಿಯುವ ಸಂಭವ ನೂರಕ್ಕೆ ತೊಂಬತ್ತೊಂಬತ್ತರಷ್ಟೆಂದೂ ಬ್ರಾನ್ ಎಂಬ ಕೂಲಿಯ ಯೋಧನಿಗೆ ಮರಣದ ಅಪಾಯ ಎಲ್ಲರಿಗಿಂತ ಹೆಚ್ಚೆಂದೂ ಫಲಿತಾಂಶ ಬಂದಿತು. ಕಥೆಯ ಕೊನೆಯಲ್ಲಿ ರಾಣಿ ತನ್ನ ಪ್ರಿಯಕರನ ಕೈಯಿಂದಲೇ ಹತಳಾದಳು; ಕೂಲಿಯ ಯೋಧನು ಮಂತ್ರಿಮಂಡಲದಲ್ಲಿ ಕುಳಿತನು.

ಯಂತ್ರವು ತಪ್ಪಿತೆಂದು ನಗುವುದಕ್ಕಾಗಿ ಈ ಸಂಗತಿಯನ್ನು ಇಲ್ಲಿ ಎತ್ತಿಲ್ಲ. ಅದು ತಪ್ಪಿದ ಬಗೆಯಲ್ಲಿ ಒಂದು ಪಾಠವಿದೆ. ಜನಗಣತಿಗೆ ಉಪಯೋಗವಾಗುವ ಸಂಗತಿಗಳು ಕಥೆಯ ಸಾವನ್ನು ಹೇಳಲಾರವು. ಲೋಕದಲ್ಲಿ ಮುದುಕನು ಮೊದಲು, ತರುಣನು ಆಮೇಲೆ ಸಾಯುವುದು ಬಹುಮಟ್ಟಿಗೆ ನಿಜ. ಕಥೆಯಲ್ಲಿ ಸಾವು ಬರುವುದು ವಯಸ್ಸಿನಿಂದಲ್ಲ, ಋಣದಿಂದ. ಆಡಿದ ಮಾತಿನ ಋಣ, ಮಾಡಿದ ಕೃತ್ಯದ ಋಣ, ಕವಿಯು ಒಪ್ಪಿಕೊಂಡ ಸಂಪ್ರದಾಯದ ಋಣ ಎಂದು ಇದನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಕನ್ನಡ ಸಾಹಿತ್ಯದಲ್ಲಿ ಈ ವಿಚಾರಕ್ಕೆ ಬೇಕಾದ ಸಾಮಗ್ರಿ ಹೇರಳವಾಗಿದೆ. ಅದನ್ನು ಈ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

೨

ಧಾರವಾಡದ ಪಶ್ಚಿಮಕ್ಕೆ, ಮಲೆನಾಡಿನ ಸೆರಗಿನಲ್ಲಿ, ಭತ್ತದ ಗದ್ದೆಗಳ ನಡುವೆ ಮುಗದವೆಂಬ ಊರಿದೆ. ಶಾಸನಗಳಲ್ಲಿ ಅದರ ಹೆಸರು ಮುಗುಂದ. ಕಲ್ಯಾಣದ ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲದ, ಕ್ರಿ.ಶ. ೧೦೪೫ರ ಅಲ್ಲಿಯ ಶಾಸನವು ಯಾಪನೀಯ ಸಂಘದ ಕುಮುದಿ ಗಣವನ್ನು ಹೆಸರಿಸುತ್ತದೆ. ಸಮ್ಯಕ್ತ್ವರತ್ನಾಕರವೆಂಬ ಚೈತ್ಯಾಲಯ, ಅದರೊಡನೆ ನಾಟಕಶಾಲೆ, ಇವೆರಡರ ಉಲ್ಲೇಖವೂ ಆ ಊರಿನ ಶಾಸನಸಾಮಗ್ರಿಯಲ್ಲಿ ಬರುತ್ತದೆ. ಒಂದು ಹಳ್ಳಿಯ ಬಸದಿಗೆ ನಾಟಕಶಾಲೆಯೂ ಸೇರಿಕೊಂಡಿದ್ದಿತೆಂಬುದು ಸಾಹಿತ್ಯದ ವಿದ್ಯಾರ್ಥಿಗೆ ಅಲಕ್ಷ್ಯ ಮಾಡಬಹುದಾದ ಸಂಗತಿಯಲ್ಲ. ಪಂಪನು ತನ್ನ ಎರಡು ಕಾವ್ಯಗಳನ್ನು ಮುಗಿಸಿ ಆಗಲೇ ನೂರು ವರ್ಷ ಕಳೆದಿದ್ದವು. ರನ್ನನ ಅಜಿತಪುರಾಣಕ್ಕೆ ಐವತ್ತೆರಡು ವರ್ಷವಾಗಿದ್ದಿತು. ಅಂಥ ಊರಿನ ಒಬ್ಬ ಶ್ರಾವಕನನ್ನು ನಮ್ಮ ವಿಚಾರಕ್ಕಾಗಿ ಕಲ್ಪಿಸಿಕೊಳ್ಳೋಣ. ರಾಮಕಥೆಯನ್ನು ಅವನ ಮುಂದೆ ಹೇಳಹೊರಟರೆ ರಾವಣನು ಯಾರ ಕೈಯಿಂದ ಸಾಯುವನೆಂದು ಅವನು ನುಡಿದಾನು?

ರಾಮನ ಕೈಯಿಂದ ಎಂದು ಅವನು ಹೇಳಲಾರನು. ಲಕ್ಷ್ಮಣನ ಕೈಯಿಂದ ಎನ್ನುವನು. ಜೈನಪುರಾಣಗಳ ಅರವತ್ತಮೂರು ಶಲಾಕಾಪುರುಷರಲ್ಲಿ ಬಲದೇವರು ಒಂಬತ್ತು ಮಂದಿ, ವಾಸುದೇವರು ಒಂಬತ್ತು ಮಂದಿ, ಪ್ರತಿವಾಸುದೇವರು ಒಂಬತ್ತು ಮಂದಿ. ರಾಮನು ಎಂಟನೆಯ ಬಲದೇವ, ಲಕ್ಷ್ಮಣನು ಎಂಟನೆಯ ವಾಸುದೇವ, ರಾವಣನು ಎಂಟನೆಯ ಪ್ರತಿವಾಸುದೇವ. ಪ್ರತಿವಾಸುದೇವನನ್ನು ವಾಸುದೇವನೇ ಕೊಲ್ಲಬೇಕು. ಅದೂ ಅವನೇ ಎಸೆದ ಚಕ್ರವು ವಾಸುದೇವನ ವಶವಾಗಿ ಅದರಿಂದಲೇ ಅವನು ಮಡಿಯಬೇಕು. ಕೊಲೆಯ ಪಾಪವಿಲ್ಲದ ಬಲದೇವನಿಗೆ ಮೋಕ್ಷ; ಕೊಂದವನಿಗೂ ಸತ್ತವನಿಗೂ ನರಕ. ಈ ವ್ಯವಸ್ಥೆಯನ್ನು ಬಲ್ಲವನಿಗೆ ಕಥೆ ತೊಡಗುವ ಮೊದಲೇ ಕಥಾಂತ್ಯವು ಗೊತ್ತಿರುತ್ತದೆ. ಒಂಬತ್ತನೆಯ ಸರದಿಯಲ್ಲಿ ಜರಾಸಂಧನು ಕೃಷ್ಣನಿಂದ ಹತನಾಗುವನೆಂದೂ ಅವನು ಹೇಳಬಲ್ಲನು. ವೈದಿಕ ಪರಂಪರೆಯ ಭಾರತವನ್ನು ಕೇಳಿದ ಅವನ ನೆರೆಯವನಾದರೋ ಜರಾಸಂಧನನ್ನು ಸೀಳುವವನು ಭೀಮನೆಂದು ವಾದಿಸುವನು. ಇಬ್ಬರ ಮಾತೂ ಊಹೆಯಲ್ಲ. ಇಬ್ಬರೂ ತಮ್ಮ ತಮ್ಮ ಸಂಪ್ರದಾಯವನ್ನು ಓದಿ ಹೇಳುತ್ತಿದ್ದಾರೆ.

ಆದುದರಿಂದ ಮುನ್ನರಿವಿನ ಮೊದಲ ಆಧಾರ ವ್ಯವಸ್ಥೆ. ಕಥೆಯು ಯಾವ ಜಾತಿಗೆ ಸೇರಿದ್ದು, ಆ ಜಾತಿಯ ನಿಯಮವೇನು ಎಂಬುದನ್ನು ತಿಳಿದವನು ಅರ್ಧ ಉತ್ತರವನ್ನು ತಿಳಿದಂತೆಯೇ. ಸಂಸ್ಕೃತ ಲಾಕ್ಷಣಿಕರಲ್ಲಿ ಧನಂಜಯನು ತನ್ನ ದಶರೂಪಕದಲ್ಲಿ ಅಧಿಕಾರಿಯಾದ ನಾಯಕನ ವಧೆಯು ಕೂಡದೆಂದು ವಿಧಿಸಿದ್ದಾನೆ. ಅಂಥ ನಾಟಕದ ನಾಯಕನು ಎಂಥ ಸಂಕಟದಲ್ಲಿ ಸಿಕ್ಕರೂ ಬದುಕಿ ಬರುವನೆಂದು ಪ್ರೇಕ್ಷಕನು ನೆಮ್ಮದಿಯಿಂದ ಕುಳಿತಿರುತ್ತಾನೆ.

ಆದರೆ ವ್ಯವಸ್ಥೆಯೊಂದೇ ಸಾಲದೆಂಬುದಕ್ಕೆ ನಾಗಚಂದ್ರನ ರಾಮಚಂದ್ರಚರಿತಪುರಾಣವೇ ಸಾಕ್ಷಿ. ಮುಗದದ ಆ ಶಾಸನದಿಂದ ಸುಮಾರು ಅರ್ಧ ಶತಮಾನದ ತರುವಾಯ ಬಂದ ಈ ಕವಿಯ ರಾವಣನು ವ್ರತವಂತ. ತನ್ನನ್ನು ಒಲ್ಲದ ಪರಸ್ತ್ರೀಯನ್ನು ಬಯಸೆನೆಂಬ ವ್ರತವನ್ನು ತೊಟ್ಟವನು. ಸೀತೆಯನ್ನು ಕಂಡು ಅವನ ಮನಸ್ಸು ಕದಡುತ್ತದೆ. ಕೊನೆಗೆ ಆಕೆಯ ದೃಢತೆಯನ್ನು ಕಂಡು ಪಶ್ಚಾತ್ತಾಪದಿಂದ ತಿಳಿಯಾಗುತ್ತದೆ. ಆದರೆ ಈಗಲೇ ಒಪ್ಪಿಸಿದರೆ ಲೋಕವು ಅಂಜಿದನೆಂದೀತು. ಯುದ್ಧದಲ್ಲಿ ಗೆದ್ದು ಆಮೇಲೆ ಸೀತೆಯನ್ನು ಒಪ್ಪಿಸುವೆನೆಂದು ಅವನು ಯುದ್ಧಕ್ಕೆ ನಡೆಯುತ್ತಾನೆ. ಅವನು ಸಾಯುವನೆಂಬುದು ಮೊದಲೇ ಗೊತ್ತಿದ್ದ ವಿಷಯ. ಸಾವಿಗೆ ಕಾರಣವಾದ ದೋಷವನ್ನು ಕಳೆದುಕೊಂಡ ಬಳಿಕ ಸಾಯುವನೆಂಬುದು ಯಾವ ವ್ಯವಸ್ಥೆಯೂ ಹೇಳದ ವಿಷಯ. ನಿಯಮವು ಸಾವನ್ನು ತಂದಿತು. ಆ ಸಾವಿಗೆ ಅರ್ಥವನ್ನು ತಂದವನು ಕವಿ. ಬಿ.ಎಂ.ಶ್ರೀಯವರು ಈ ರಾವಣನಲ್ಲಿ ದುರಂತ ನಾಯಕನನ್ನು ಗುರುತಿಸಿದುದು ಇದೇ ಕಾರಣದಿಂದ.

೩

ಮುನ್ನರಿವಿನ ಎರಡನೆಯ ಆಧಾರ ಮಾತು. ಶಾಪ, ವರ, ಪ್ರತಿಜ್ಞೆ, ಭಾಷೆ ಎಂಬ ನಾಲ್ಕು ರೂಪಗಳಲ್ಲಿ ಅದು ನಮ್ಮ ಕಥೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ವಾಸ್ತವ ಲೋಕದಲ್ಲಿ ಮಾತು ಹುಸಿಯಾಗಬಹುದು; ಅದ್ಭುತಕಥೆಯಲ್ಲಿ ಆಡಿದ ಮಾತು ಹಾಳಾಗುವುದಿಲ್ಲ. ಅದ್ಭುತಕಥೆಗೂ ವಾಸ್ತವಕಥೆಗೂ ಇರುವ ಮುಖ್ಯ ಭೇದ ಇದೇ ಎಂದರೂ ಸಲ್ಲುತ್ತದೆ. ಹಾರುವ ಕುದುರೆ, ಬೆಂಕಿಯುಗುಳುವ ಸರ್ಪ ಇವೆಲ್ಲ ಹೊರಗಿನ ಸಲಕರಣೆಗಳು.

ಕರ್ಣನ ಉದಾಹರಣೆಯನ್ನು ತೆಗೆದುಕೊಳ್ಳೋಣ. ವ್ಯಾಸಭಾರತದಲ್ಲಿ ಅವನ ಮರಣವು ಒಂದರ ಮೇಲೊಂದಾಗಿ ಹಲವು ಮಾತುಗಳಿಂದ ನಿಶ್ಚಿತವಾಗಿದೆ. ಬೇಕಾದ ಹೊತ್ತಿಗೆ ಅಸ್ತ್ರವು ನೆನಪಾಗದಿರಲೆಂದು ಪರಶುರಾಮನ ಶಾಪ. ರಥದ ಗಾಲಿಯನ್ನು ನೆಲ ನುಂಗಲೆಂದು ಬ್ರಾಹ್ಮಣನ ಶಾಪ. ಇಂದ್ರನಿಗೆ ಕವಚಕುಂಡಲಗಳ ದಾನ. ಅದಕ್ಕೆ ಪ್ರತಿಯಾಗಿ ದೊರೆತ, ಒಮ್ಮೆ ಮಾತ್ರ ಪ್ರಯೋಗಿಸಬಹುದಾದ ಶಕ್ತ್ಯಾಯುಧ. ಇವೆಲ್ಲಕ್ಕಿಂತ ಮಿಗಿಲಾಗಿ ಕುಂತಿಗೆ ಕೊಟ್ಟ ಭಾಷೆ: ನಿನಗೆ ಐವರು ಮಕ್ಕಳು ಉಳಿಯುವರು, ಅರ್ಜುನನಾದರೂ ಇರುವನು, ಇಲ್ಲವೆ ನಾನಾದರೂ ಇರುವೆನು. ಈ ಭಾಷೆಯು ಒಂದು ಗಣಿತದಂತಿದೆ. ಆರರಲ್ಲಿ ಒಬ್ಬನು ಕಳೆಯಬೇಕು. ಆ ಒಬ್ಬನು ಇಬ್ಬರಲ್ಲಿ ಒಬ್ಬನು. ೨೦೦೭ರಲ್ಲಿ ಮುಗಿದ ರೋಲಿಂಗ್ ಅವರ ಹ್ಯಾರಿ ಪಾಟರ್ ಕಥಾಮಾಲೆಯಲ್ಲಿಯೂ ನಾಯಕ ಪ್ರತಿನಾಯಕರಲ್ಲಿ ಒಬ್ಬನು ಮಾತ್ರ ಉಳಿಯತಕ್ಕದ್ದೆಂಬ ಭವಿಷ್ಯವಾಣಿ ಇದೇ ಕೆಲಸವನ್ನು ಮಾಡುತ್ತದೆ. ಆದರೆ ಅಲ್ಲಿ ಆ ಮಾತು ಹೊರಗಿನಿಂದ ಬಂದುದು. ಇಲ್ಲಿ ಸಾಯತಕ್ಕವನೇ ಅದನ್ನು ತಾಯಿಗೆ ದಾನವಾಗಿ ಕೊಟ್ಟಿದ್ದಾನೆ. ಕರ್ಣನು ತನ್ನ ಸಾವಿನ ಸಾಧ್ಯತೆಯನ್ನು ತಾನೇ ಬರೆದುಕೊಟ್ಟನೆಂಬಲ್ಲಿ ಅವನ ಶೀಲವಿದೆ.

ದ್ರೋಣನ ವಿಷಯವಾದರೂ ಹೀಗೆಯೇ. ಧೃಷ್ಟದ್ಯುಮ್ನನು ದ್ರೋಣವಧೆಗಾಗಿಯೇ ಯಜ್ಞಕುಂಡದಿಂದ ಎದ್ದವನು. ಅದನ್ನು ಬಲ್ಲ ದ್ರೋಣನೇ ಅವನಿಗೆ ಶಸ್ತ್ರವಿದ್ಯೆಯನ್ನು ಕಲಿಸುತ್ತಾನೆ. ಕುವೆಂಪು ಅವರು ೧೯೪೭ರ ‘ಬೆರಳ್‌ಗೆ ಕೊರಳ್’ ನಾಟಕದಲ್ಲಿ ಇದೇ ಸಾವಿಗೆ ಬೇರೊಂದು ಋಣವನ್ನು ಕಂಡರು. ಏಕಲವ್ಯನ ಹೆಬ್ಬೆರಳಿಗೆ ಗುರುವಿನ ಕೊರಳೇ ಬೆಲೆಯೆಂದು ಆ ನಾಟಕದ ಹೆಸರೇ ಸಾರುತ್ತದೆ. ಕುರುಕ್ಷೇತ್ರಕ್ಕೆ ಎಷ್ಟೋ ವರ್ಷ ಮೊದಲೇ, ಅರಣ್ಯದ ಒಂದು ಮೂಲೆಯಲ್ಲಿ, ದ್ರೋಣಪರ್ವದ ಕೊನೆಯು ನಿಶ್ಚಯವಾಗಿಬಿಡುತ್ತದೆ. ಮೂಲಕಥೆಯಲ್ಲಿ ಯಜ್ಞಾಗ್ನಿಯ ಕಾರ್ಯವಾಗಿದ್ದ ಮರಣವನ್ನು ಇಲ್ಲಿ ಒಬ್ಬ ಬೇಡತಾಯಿಯ ಸಂಕಟಕ್ಕೆ ಜೋಡಿಸಲಾಗಿದೆ. ಸಾಯುವವನು ಅವನೇ, ಸಾವಿನ ಲೆಕ್ಕ ಬರೆದವರು ಬೇರೆ. ಲೆಕ್ಕ ಬರೆದವರು ಬೇರೆಯಾದಾಗ ಸಾವಿನ ಅರ್ಥವೂ ಬೇರೆಯಾಗುತ್ತದೆ.

ನಮ್ಮ ಭಾಗದ ಜನಪದ ರಂಗಭೂಮಿಯ ಪ್ರೇಕ್ಷಕನಿಗೆ ಈ ವಿದ್ಯೆ ಕರಗತವಾಗಿದೆ. ದೊಡ್ಡಾಟದ ಪ್ರತಿನಾಯಕನು ರಂಗಕ್ಕೆ ಬಂದು ತನ್ನ ಪರಾಕ್ರಮವನ್ನು ಕೊಚ್ಚಿಕೊಳ್ಳುವಾಗಲೇ ಅವನು ಬೆಳಗಾಗುವುದರೊಳಗೆ ಬೀಳುವನೆಂದು ಮುಗದದಂಥ ಊರಿನ ಮಕ್ಕಳಿಗೂ ಗೊತ್ತಿರುತ್ತದೆ. ಬೈಲಹೊಂಗಲ ಸೀಮೆಯ ಸಣ್ಣಾಟವಾದ ಸಂಗ್ಯಾ-ಬಾಳ್ಯಾದಲ್ಲಿ ಸಂಗ್ಯಾನು ಸಾಯುವನೆಂಬುದನ್ನು ಅರಿಯದೆ ಆಟಕ್ಕೆ ಬರುವವರೇ ವಿರಳ. ಆದರೂ ರಾತ್ರಿಯೆಲ್ಲ ಎಚ್ಚರವಿದ್ದು ನೋಡುತ್ತಾರೆ. ಅವರು ಕಾಯುತ್ತಿರುವುದು ಸಾವಿನ ಸುದ್ದಿಗಾಗಿ ಅಲ್ಲ; ಗೆಳೆಯನು ಗೆಳೆಯನಿಗೆ ಎರಡು ಬಗೆಯುವ ಆ ಗಳಿಗೆಗಾಗಿ. ಕೊನೆಯನ್ನು ಮೊದಲೇ ತಿಳಿದರೆ ರಸಭಂಗವಾಗುವುದೆಂಬ ಇಂದಿನ ಆತಂಕವು ನಮ್ಮ ಸಹೃದಯ ಪರಂಪರೆಗೆ ಹೊಸದೆಂದೇ ತೋರುತ್ತದೆ.

೪

ಮೂರನೆಯದಾಗಿ ಕವಿಯ ಋಣ. ಪಂಪನು ೯೪೧ರಲ್ಲಿ ವಿಕ್ರಮಾರ್ಜುನವಿಜಯವನ್ನು ರಚಿಸಿದಾಗ ತನ್ನ ಆಶ್ರಯದಾತನಾದ ಅರಿಕೇಸರಿಯನ್ನು ಅರ್ಜುನನಲ್ಲಿ ಅಭೇದವಾಗಿ ಕಂಡನು. ರನ್ನನು ಗದಾಯುದ್ಧದಲ್ಲಿ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನೊಡನೆ ಒಂದುಗೂಡಿಸಿದನು. ಆಸ್ಥಾನದಲ್ಲಿ ಎದುರಿಗೆ ಕುಳಿತು ಕೇಳುತ್ತಿರುವ ಅರಸನೇ ಕಥಾನಾಯಕನಾಗಿರುವಲ್ಲಿ ಆ ನಾಯಕನು ಮಡಿಯುವ ಪ್ರಶ್ನೆಯೇ ಏಳುವುದಿಲ್ಲ. ಅಷ್ಟೇ ಅಲ್ಲ, ಪಂಪನಲ್ಲಿ ಪಟ್ಟಾಭಿಷೇಕವು ಅರ್ಜುನನಿಗೆ, ರನ್ನನಲ್ಲಿ ಭೀಮನಿಗೆ, ಧರ್ಮರಾಜನಿಗಲ್ಲ. ಇಂದಿನ ಧಾರಾವಾಹಿಗಳಲ್ಲಿ ನಟನ ಕರಾರು ಮುಗಿಯಿತೇ ಇಲ್ಲವೇ ಎಂಬುದನ್ನು ನೋಡಿ ಪಾತ್ರದ ಆಯುಷ್ಯವನ್ನು ಎಣಿಸುವವರುಂಟು. ಹತ್ತನೆಯ ಶತಮಾನದ ಚತುರ ಶ್ರೋತೃವೂ ಅರಸನ ಮುಖವನ್ನು ನೋಡಿ ಹಾಗೆಯೇ ಎಣಿಸಬಹುದಾಗಿದ್ದಿತು.

ಈ ಋಣವು ಕವಿಗೆ ಬಂಧನವಾಗಿದ್ದಿತೆಂದು ಹೇಳುವುದು ವಾಡಿಕೆ. ಅದರಿಂದ ಒಂದು ಲಾಭವೂ ಆಯಿತೆಂದು ನಾವು ಸೂಚಿಸಬಯಸುತ್ತೇವೆ. ಉಳಿಯುವುದು ಖಚಿತವಾದ ನಾಯಕನ ವಿಷಯದಲ್ಲಿ ಕವಿಗೆ ಸ್ತುತಿಗೆ ಅವಕಾಶವಿದೆ, ಮರುಕಕ್ಕೆ ಅವಕಾಶವಿಲ್ಲ. ಮರುಕವೆಲ್ಲ ಹರಿದುಹೋಗಲು ಇನ್ನೊಂದು ಪಾತ್ರವನ್ನು ಹುಡುಕುತ್ತದೆ. ಸಾಯುವುದು ಖಚಿತವಾದವನಲ್ಲಿ ಅದು ನೆಲೆಗೊಳ್ಳುತ್ತದೆ. ಪಂಪನ ಕಾವ್ಯದಲ್ಲಿ ಅರ್ಜುನನಿಗೆ ದೊರೆತುದು ಬಿರುದು; ಕರ್ಣನಿಗೆ ದೊರೆತುದು ಕವಿಹೃದಯ. ರನ್ನನಲ್ಲಿ ಇದು ಇನ್ನೂ ಸ್ಪಷ್ಟ. ಸಿಂಹಾವಲೋಕನ ಕ್ರಮದಿಂದ ಇಡೀ ಭಾರತವನ್ನು ಕೊನೆಯ ದಿನದ ಯುದ್ಧದೊಳಗೆ ಅಡಗಿಸಿದ ಈ ಕಾವ್ಯದಲ್ಲಿ ಭೀಮನ ಪ್ರತಿಜ್ಞೆ ಮೊದಲಿನಿಂದಲೂ ಗರ್ಜಿಸುತ್ತದೆ. ದುರ್ಯೋಧನನ ತೊಡೆ ಮುರಿಯುವುದರಲ್ಲಿ ಯಾರಿಗೂ ಸಂದೇಹವಿಲ್ಲ. ವನಪರ್ವದ ಮೈತ್ರೇಯಶಾಪವನ್ನು ಬಲ್ಲವನಿಗಂತೂ ಎಲ್ಲಿ ಪೆಟ್ಟು ಬೀಳುವುದೆಂಬುದೂ ಗೊತ್ತು. ಹೀಗೆ ಕುತೂಹಲವು ಪೂರ್ತಿಯಾಗಿ ಬತ್ತಿಹೋದ ಸ್ಥಳದಲ್ಲಿ ರನ್ನನು ದುರ್ಯೋಧನನನ್ನು ಸಂಜಯನೊಡನೆ ರಣರಂಗದಲ್ಲಿ ನಡೆಯಿಸುತ್ತಾನೆ. ದ್ರೋಣನ ಶವ, ಮಗನಾದ ಲಕ್ಷಣಕುಮಾರನ ಶವ, ತಮ್ಮನಾದ ದುಃಶಾಸನನ ಶವ, ಗೆಳೆಯನಾದ ಕರ್ಣನ ಶವ, ಇವುಗಳ ನಡುವೆ ಶತ್ರುಪುತ್ರನಾದ ಅಭಿಮನ್ಯುವಿನ ಶವ. ಅಭಿಮನ್ಯುವಿನ ಮುಂದೆ ನಿಂತು ಅವನ ಶೌರ್ಯವನ್ನು ಕೊಂಡಾಡುವ ದುರ್ಯೋಧನನನ್ನು ಯಾವ ಶಾಪವೂ, ಯಾವ ಪ್ರತಿಜ್ಞೆಯೂ ಮುಂದಾಗಿ ತಿಳಿಸಿರಲಿಲ್ಲ. ಸಾವು ತಿಳಿದಿದ್ದಿತು, ಸಾಯುವವನು ತಿಳಿದಿರಲಿಲ್ಲ. ಉತ್ತಮ ಕಾವ್ಯದ ಸೋಜಿಗವಿರುವುದು ಇಲ್ಲಿ.

ವೈಶಂಪಾಯನ ಸರೋವರದ ಪ್ರಸಂಗವನ್ನೂ ಹೀಗೆಯೇ ಅರ್ಥಮಾಡಿಕೊಳ್ಳಬೇಕು. ಭೀಷ್ಮನ ಸಲಹೆಯಂತೆ ನೀರಿನಲ್ಲಿ ಅಡಗಿದವನು ಹೊರಗೆ ಬಾರದೆ ಇದ್ದರೆ ಬದುಕಿ ಉಳಿಯುತ್ತಿದ್ದನು. ಒಂದೇ ದಿನದ ಮಾತು. ಮರುದಿನ ಬಲರಾಮ ಅಶ್ವತ್ಥಾಮಾದಿಗಳು ಬಂದು ಸೇರತಕ್ಕವರಿದ್ದರು. ಭೀಮನ ಗರ್ಜನೆಯನ್ನು ಕೇಳಿ ಸಹಿಸಲಾರದೆ ಅವನು ಹೊರಗೆ ಬರುತ್ತಾನೆ. ಶಾಪವು ಅವನನ್ನು ಹೊರಗೆಳೆಯಲಿಲ್ಲ, ಛಲವು ಎಳೆಯಿತು. ಮಾತಿನ ಋಣವೂ ಶೀಲದ ಒತ್ತಡವೂ ಒಂದೇ ಬಿಂದುವಿನಲ್ಲಿ ಕೂಡಿದಾಗ ಮುನ್ನರಿವು ಅನಿವಾರ್ಯತೆಯಾಗಿ ಮಾರ್ಪಡುತ್ತದೆ. ಕೂಡದೆ ಹೋದಾಗ ಸಾವು ಕೇವಲ ಘಟನೆಯಾಗಿ ನಿಲ್ಲುತ್ತದೆ. ಮೊದಲು ಹೇಳಿದ ಡೆನೇರಿಸ್ ರಾಣಿಯ ಅಂತ್ಯವನ್ನು ಕುರಿತು ಪ್ರೇಕ್ಷಕರಲ್ಲಿ ಎದ್ದ ಅಸಮಾಧಾನಕ್ಕೂ ಇದೇ ಒರೆಗಲ್ಲು. ಆಕೆ ಸತ್ತಳೆಂಬುದು ಅವರ ದೂರಲ್ಲ. ನಗರವನ್ನೇ ಸುಡುವ ಕ್ರೌರ್ಯಕ್ಕೆ ಆಕೆಯ ಶೀಲವು ಬಂದು ಮುಟ್ಟಿದ ದಾರಿಯನ್ನು ಕೊನೆಯ ಕಂತುಗಳು ಅವಸರದಲ್ಲಿ ದಾಟಿಬಿಟ್ಟವೆಂಬುದು ದೂರು. ಸಾಲವನ್ನು ವಸೂಲು ಮಾಡಿದರು, ಆದರೆ ಸಾಲಪತ್ರವನ್ನು ತೋರಿಸಲಿಲ್ಲ ಎಂದಂತೆ.

೫

ಅದ್ಭುತಕಥೆಗಳಲ್ಲಿ ಇನ್ನೊಂದು ತೊಡಕಿದೆ. ಸತ್ತವರು ಸತ್ತೇ ಹೋದರೆಂದು ನಂಬುವಂತಿಲ್ಲ. ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯ ಒಬ್ಬ ನಾಯಕನು ೨೦೧೫ರಲ್ಲಿ ಇರಿತಕ್ಕೆ ಬಿದ್ದು ೨೦೧೬ರಲ್ಲಿ ಮರಳಿ ಎದ್ದನು. ನಡುವಣ ತಿಂಗಳುಗಳಲ್ಲಿ ಅವನು ಏಳುವನೇ ಎಂಬುದೇ ಎಲ್ಲರ ಚರ್ಚೆಯಾಗಿದ್ದಿತು. ಈ ಸ್ಥಿತಿಗೆ ನಮ್ಮ ಲಾಕ್ಷಣಿಕರು ಬಹಳ ಹಿಂದೆಯೇ ಒಂದು ಹೆಸರನ್ನು ಕೊಟ್ಟಿದ್ದಾರೆಂಬುದನ್ನು ವಿದ್ಯಾರ್ಥಿಗಳ ಗಮನಕ್ಕೆ ತರಬೇಕು. ಬಾಣನ ಕಾದಂಬರಿಯಲ್ಲಿಯೂ ಅದನ್ನು ಕನ್ನಡಕ್ಕೆ ತಂದ ಒಂದನೆಯ ನಾಗವರ್ಮನ ಕರ್ಣಾಟಕ ಕಾದಂಬರಿಯಲ್ಲಿಯೂ ಪುಂಡರೀಕನು ಮಡಿಯುತ್ತಾನೆ. ಮಹಾಶ್ವೇತೆ ಸಹಗಮನಕ್ಕೆ ಸಿದ್ಧಳಾದಾಗ ದಿವ್ಯಪುರುಷನೊಬ್ಬನು ಆ ದೇಹವನ್ನು ಎತ್ತಿಕೊಂಡು ಹೋಗುತ್ತ, ನಿನಗೆ ಇವನೊಡನೆ ಪುನಸ್ಸಮಾಗಮವುಂಟು ಎಂದು ಭರವಸೆ ಕೊಡುತ್ತಾನೆ. ಮರಣವಾಗಿದೆ, ಆದರೆ ಆಶೆ ಉಳಿದಿದೆ. ಇದು ಕರುಣವೇ, ವಿಪ್ರಲಂಭವೇ? ಆಶೆಯು ಪೂರ್ಣವಾಗಿ ಅಳಿದರೆ ಕರುಣ. ಮರಳಿ ಕೂಡುವ ಭರವಸೆಯಿದ್ದರೆ ಕರುಣವಿಪ್ರಲಂಭ ಎಂದು ಶಾಸ್ತ್ರಜ್ಞರು ನಿರ್ಣಯಿಸಿದರು.

ಈ ವಿವೇಚನೆ ಕೇವಲ ಪಾರಿಭಾಷಿಕವಲ್ಲ. ಪಾತ್ರವೊಂದು ಮರಳಿ ಬರುವುದಿದ್ದರೆ ಆ ಆಶೆಗೆ ಕವಿಯು ಕಥೆಯೊಳಗೆ ಎಲ್ಲಾದರೂ ಒಂದು ಬೀಜವನ್ನು ಬಿತ್ತಿರಬೇಕು. ಬಿತ್ತದೆ ಬೆಳೆದರೆ ಮರಣಕ್ಕೂ ಬೆಲೆಯಿಲ್ಲ, ಪುನರ್ಜೀವನಕ್ಕೂ ಬೆಲೆಯಿಲ್ಲ. ನಾಗವರ್ಮನ ಓದುಗನು ಮಹಾಶ್ವೇತೆಯೊಡನೆ ಕಾಯುತ್ತಾನೆ. ಕಾಯುವುದಕ್ಕೆ ಅವನಿಗೆ ಆಧಾರವಿದೆ. ಸತ್ತವನು ಏಳುವನೇ ಎಂದು ಕೇಳುವ ವಿದ್ಯಾರ್ಥಿಗೆ ನಾವು ಕೇಳಬೇಕಾದ ಮರುಪ್ರಶ್ನೆ ಇಷ್ಟೇ: ಅವನು ಏಳುವನೆಂದು ಯಾರು, ಎಲ್ಲಿ, ಯಾವ ಮಾತಿನಲ್ಲಿ ಆಶೆ ಕೊಟ್ಟಿದ್ದಾರೆ?

೬

ಇಷ್ಟಾದರೂ ಮುನ್ನರಿವು ತಪ್ಪುವ ಸ್ಥಳಗಳಿವೆ. ತಪ್ಪಿಸುವುದೇ ಕವಿಯ ಉದ್ದೇಶವಾದ ಸ್ಥಳಗಳಿವೆ. ಅಶ್ವತ್ಥಾಮನು ಚಿರಂಜೀವಿಯೆಂಬುದು ಲೋಕಪ್ರಸಿದ್ಧ. ಮಹಾಭಾರತದ ಪಾತ್ರಗಳಲ್ಲಿ ಇವನು ಸಾಯಲಾರನೆಂದು ಪಣತೊಟ್ಟು ಹೇಳಬಹುದಾದರೆ ಅವನ ವಿಷಯದಲ್ಲಿ ಹೇಳಬಹುದು. ಬಿ.ಎಂ.ಶ್ರೀಯವರು ಸೊಫೋಕ್ಲಿಸನ ಅಜಾಕ್ಸ್ ನಾಟಕವನ್ನು ಕನ್ನಡಕ್ಕೆ ಹೊಂದಿಸಿ ‘ಅಶ್ವತ್ಥಾಮನ್’ ಬರೆದಾಗ ಆ ಚಿರಂಜೀವಿಯನ್ನೇ ರಂಗದ ಮೇಲೆ ಸಾಯಗೊಟ್ಟರು. ಸಂಪ್ರದಾಯವನ್ನು ಮುರಿದರೆಂಬ ಆಕ್ಷೇಪಕ್ಕೆ ಇಲ್ಲಿ ಎಡೆಯಿಲ್ಲವೆಂದಲ್ಲ. ಆದರೆ ಸಾಯಲಾರದವನು ಅವಮಾನದಿಂದ ಸಾವನ್ನು ತಾನಾಗಿ ಬಯಸಿದಾಗ ಚಿರಂಜೀವಿತ್ವವು ವರವೋ ಶಾಪವೋ ಎಂಬ ಹಳೆಯ ಪ್ರಶ್ನೆಗೆ ಹೊಸದೊಂದು ಉತ್ತರ ಸಿಕ್ಕಂತಾಯಿತು.

ಗಿರೀಶ ಕಾರ್ನಾಡರ ‘ಯಯಾತಿ’ ೧೯೬೧ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಪ್ರಕಟವಾಯಿತು. ತಂದೆಯ ಮುಪ್ಪನ್ನು ಪುರು ಹೊತ್ತುಕೊಳ್ಳುವ ಕಥೆ ಎಲ್ಲರಿಗೂ ತಿಳಿದುದೇ. ಮೂಲದಲ್ಲಿ ಆ ತ್ಯಾಗದಿಂದ ಯಾರೂ ಸಾಯುವುದಿಲ್ಲ. ಕಾರ್ನಾಡರು ಪುರುವಿಗೆ ಚಿತ್ರಲೇಖೆಯೆಂಬ ಹೆಂಡತಿಯನ್ನು ಸೃಷ್ಟಿಸಿದರು. ಆಕೆ ವಿಷ ಕುಡಿದು ಸಾಯುತ್ತಾಳೆ. ಈ ಸಾವನ್ನು ಯಾವ ಪಂಡಿತನೂ ಮುಂದಾಗಿ ಹೇಳಲಾರನು, ಏಕೆಂದರೆ ಸಾಯುವ ವ್ಯಕ್ತಿಯೇ ಪುರಾಣದಲ್ಲಿಲ್ಲ. ಆದರೂ ಅದು ಅಕಸ್ಮಾತ್ತಲ್ಲ. ಮಗನು ತಂದೆಗಾಗಿ ಯೌವನವನ್ನು ಕೊಟ್ಟನೆಂದು ಸಾವಿರಾರು ವರ್ಷ ಹೊಗಳಿದವರು, ಆ ದಾನದ ಬೆಲೆಯನ್ನು ತೆತ್ತವರು ಯಾರೆಂದು ಕೇಳಿರಲಿಲ್ಲ. ಚಿತ್ರಲೇಖೆಯ ಮರಣದಲ್ಲಿ ಆ ಹಳೆಯ ಸಾಲವು ಬೆಳಕಿಗೆ ಬಂದಿತು.

ಇಲ್ಲಿ ನಾವು ವಿಷಯದ ತಿರುಳಿಗೆ ಬರುತ್ತೇವೆ. ಯಾರು ಸಾಯುವರೆಂದು ಪಟ್ಟಿ ಮಾಡುವವರು ಹೆಸರುಳ್ಳವರನ್ನು ಮಾತ್ರ ಪಟ್ಟಿಯಲ್ಲಿ ಸೇರಿಸುತ್ತಾರೆ. ಕುರುಕ್ಷೇತ್ರದ ಕೊನೆಯಲ್ಲಿ ಪಾಂಡವರ ಕಡೆಯಲ್ಲಿ ಐವರು ಸಹೋದರರು, ಕೃಷ್ಣ, ಸಾತ್ಯಕಿ, ಹೀಗೆ ಏಳು ಮಂದಿ. ಕೌರವರ ಕಡೆಯಲ್ಲಿ ಕೃಪ, ಕೃತವರ್ಮ, ಅಶ್ವತ್ಥಾಮ, ಹೀಗೆ ಮೂವರು ಉಳಿದರೆಂದು ಎಣಿಸುವುದು ರೂಢಿ. ಹದಿನೆಂಟು ಅಕ್ಷೋಹಿಣಿಯಲ್ಲಿ ಹತ್ತು ಹೆಸರು. ಘಟೋತ್ಕಚನ ಸಾವನ್ನು ನೋಡಬೇಕು. ಅರ್ಜುನನಿಗೆಂದು ಕಾದಿರಿಸಿದ ಶಕ್ತ್ಯಾಯುಧವನ್ನು ರಾತ್ರಿಯುದ್ಧದಲ್ಲಿ ಅವನ ಎದೆ ತಾಳಿಕೊಂಡಿತು. ಪಾಂಡವರು ಅಳುತ್ತಿರುವಾಗ ಕೃಷ್ಣನು ಹರ್ಷಪಟ್ಟನು. ನಾಯಕನು ಉಳಿಯುವನೆಂಬ ನಮ್ಮ ಮುನ್ನರಿವು ನಿಜವಾಗಬೇಕಾದರೆ ಅವನ ಪಾಲಿನ ಸಾವನ್ನು ಬೇರೊಬ್ಬನು ಸಾಯಬೇಕು; ಹಾಗೆ ಸಾಯುವವನು ಹಿಡಿಂಬೆಯ ಮಗ, ಕಾಡಿನವನು. ತೊಡೆ ಮುರಿದ ಮೇಲೆ ಕಥೆ ಮುಗಿಯಿತೆಂದು ಕೇಳುಗನು ನಿಟ್ಟುಸಿರು ಬಿಡುವಾಗ, ನಿದ್ದೆಯಲ್ಲಿದ್ದ ದ್ರೌಪದಿಯ ಐವರು ಮಕ್ಕಳೂ ಹತರಾಗುತ್ತಾರೆ. ಅವರನ್ನು ಕುರಿತು ಶಾಪವಿರಲಿಲ್ಲ, ವರವಿರಲಿಲ್ಲ, ಯಾರ ಪ್ರತಿಜ್ಞೆಯೂ ಇರಲಿಲ್ಲ. ಯುದ್ಧವು ಎಲ್ಲರ ಲೆಕ್ಕವನ್ನು ಚುಕ್ತಾ ಮಾಡಿದ ಮೇಲೆ ಯಾವ ಲೆಕ್ಕದಲ್ಲಿಯೂ ಇಲ್ಲದವರು ಸತ್ತರು. ವ್ಯಾಸನ ದರ್ಶನದ ಕಠೋರತೆಯು ಸೌಪ್ತಿಕಪರ್ವದಲ್ಲಿ ಕಂಡಷ್ಟು ಬೇರೆಡೆಯಲ್ಲಿ ಕಾಣುವುದಿಲ್ಲ. ಹುಬ್ಬಳ್ಳಿಗೆ ಸಮೀಪದ ಕೋಳಿವಾಡದ ಕುಮಾರವ್ಯಾಸನು ತನ್ನ ಹತ್ತು ಪರ್ವಗಳ ಕಾವ್ಯವನ್ನು ಗದಾಪರ್ವದಲ್ಲಿ ನಿಲ್ಲಿಸಿದರೂ ಈ ರಾತ್ರಿಯನ್ನು ಬಿಟ್ಟು ಮುಂದೆ ಹೋಗಲಿಲ್ಲ.

೭

ಮೇಲಿನ ಪರಿಶೀಲನೆಯಿಂದ ಕೆಲವು ನಿರ್ಣಯಗಳನ್ನು ಮಾಡಬಹುದು. ಕಥಾಂತ್ಯದ ಮರಣವನ್ನು ಮುಂದಾಗಿ ಹೇಳಲು ಮೂರು ಆಧಾರಗಳಿವೆ: ಕಥೆಯ ಜಾತಿಗೆ ಸಹಜವಾದ ವ್ಯವಸ್ಥೆ, ಪಾತ್ರಗಳು ಆಡಿದ ಮತ್ತು ಮಾಡಿದುದರ ಋಣ, ಕವಿಯು ತನ್ನ ಕಾಲಕ್ಕೂ ಆಶ್ರಯಕ್ಕೂ ತೆರಬೇಕಾದ ಋಣ. ಈ ಮೂರನ್ನೂ ಬಲ್ಲ ಓದುಗನ ಊಹೆ ಬಹುಮಟ್ಟಿಗೆ ಸರಿಯಾಗುತ್ತದೆ. ಆದರೆ ಯಾರು ಎಂಬುದಕ್ಕೆ ದೊರೆಯುವ ಉತ್ತರ ಎಂಥವನಾಗಿ ಎಂಬುದಕ್ಕೆ ದೊರೆಯುವುದಿಲ್ಲ. ಪಶ್ಚಾತ್ತಾಪಪಟ್ಟ ರಾವಣ, ಅಭಿಮನ್ಯುವನ್ನು ಮೆಚ್ಚಿದ ದುರ್ಯೋಧನ, ಇವರನ್ನು ಕಾವ್ಯವೇ ನಮಗೆ ತೋರ್ಪಡಿಸಬೇಕು. ಮುನ್ನರಿವು ಮುಗಿದಲ್ಲಿ ಕಾವ್ಯದ ಕೆಲಸ ಮೊದಲಾಗುತ್ತದೆ.

ಅಧ್ಯಾಪಕರಿಗೆ ಒಂದು ಸೂಚನೆಯನ್ನು ಮಾಡಬಹುದು. ವಿದ್ಯಾರ್ಥಿಗಳು ತಾವು ಮೆಚ್ಚಿದ ಪರದೇಶದ ಅದ್ಭುತಕಥೆಯ ಕೊನೆಯನ್ನು ಊಹಿಸಿಕೊಂಡು ತರಗತಿಗೆ ಬಂದರೆ ಅವರನ್ನು ಗದರಿಸುವ ಕಾರಣವಿಲ್ಲ. ಅವರ ಊಹೆಯ ಆಧಾರವನ್ನು ಕೇಳಬೇಕು. ಅದೇ ಆಧಾರವನ್ನು ಗದಾಯುದ್ಧಕ್ಕೂ ಪಂಪಭಾರತಕ್ಕೂ ಅನ್ವಯಿಸಿ ನೋಡಲು ಹೇಳಬೇಕು. ಹಳಗನ್ನಡದ ಪಠ್ಯವು ಪರೀಕ್ಷೆಯ ಹೊರೆಯೆಂದು ತಿಳಿದವನಿಗೂ, ತಾನು ರಾತ್ರಿ ಜಾಗರವಿದ್ದು ನೋಡಿದ ಕಥೆಯ ಲೆಕ್ಕಾಚಾರವೇ ಇಲ್ಲಿಯೂ ನಡೆದಿದೆಯೆಂದು ಗೊತ್ತಾದರೆ ಆ ಪಠ್ಯದ ಬಾಗಿಲು ತೆರೆದೀತು.

ಕೊನೆಯದಾಗಿ, ಪಟ್ಟಿ ಮಾಡಿ ಮುಗಿಸಿದ ಮೇಲೆ ಪಟ್ಟಿಯಲ್ಲಿಲ್ಲದವರು ಯಾರೆಂಬುದನ್ನು ಕೇಳುವುದಕ್ಕೆ ವಿದ್ಯಾರ್ಥಿಗೆ ಕಲಿಸಬೇಕು. ನಾಯಕನ ಉಳಿವಿಗಾಗಿ ಸತ್ತವನು ಯಾರು? ಯಾವ ಪ್ರತಿಜ್ಞೆಗೂ ಸಂಬಂಧವಿಲ್ಲದೆ ಸತ್ತವರು ಯಾರು? ಸಾವಿನ ಊಹೆಯು ಜೂಜಿನ ಮಾತಾಗದೆ ವಿಮರ್ಶೆಯಾಗುವುದು ಈ ಪ್ರಶ್ನೆಯನ್ನು ಕೇಳಿದಾಗ. ಏಕಲವ್ಯನ ತಾಯಿಯನ್ನು ಕುವೆಂಪು ಅವರೂ ಚಿತ್ರಲೇಖೆಯನ್ನು ಕಾರ್ನಾಡರೂ ಕಂಡುಕೊಂಡುದು ಹೀಗೆ ಕೇಳಿದುದರಿಂದಲೇ. ಘಟೋತ್ಕಚನ ತಾಯಿ ಹಿಡಿಂಬೆಯನ್ನೂ ಹೀಗೆ ಕಂಡು ಬರೆಯುವ ಕೈಗಳಿಗೆ ಎಡೆಯಿದೆ.